ಕೊಪ್ಪರಿಗೆಗೆ ಬಿದ್ದ ಒಂದೂವರೆ ಚಮಚ

ಒಂದೂವರೆ ಚಮಚ. ಚಹಾ ಚಮಚದಲ್ಲಿ, ಬೆರಳಿಂದ ಸವರಿ ಸಮ ಮಾಡಿದ್ದು. ಕುದಿಯುವ ಕಬ್ಬಿನ ಹಾಲಿಗೆ ಆ ಬಿಳಿ ಪುಡಿ ಹಾಕಿಸಿದವಳು ನಾನು — ನಿಂಗಣ್ಣ ಅಲ್ಲ. ಇಷ್ಟು ಹೇಳಲು ನನಗೆ ಐದು ವರ್ಷ ಬೇಕಾಯಿತು.

ಮಂಡ್ಯದ ವಿ.ಸಿ. ಫಾರಂ ಕಾಲೇಜಿನಲ್ಲಿ ಕೃಷಿ ಪದವಿ ಮುಗಿಸಿ ಬಂದು, ಚಿಕ್ಕರಸಿನಕೆರೆಯ ಹತ್ತಿರ ಅಪ್ಪ ಮುಚ್ಚಿದ್ದ ಆಲೆಮನೆಯನ್ನು ಮತ್ತೆ ತೆರೆದಿದ್ದೆ. ಬಣ್ಣ ಬಿಳುಪಾಗಿಸುವ ರಾಸಾಯನಿಕ ಪುಡಿ ಹಾಕದ ಬೆಲ್ಲ ಎಂಬುದೇ ನಮ್ಮ ಹೆಗ್ಗಳಿಕೆ. ಪಾಕದ ಹದ ನೋಡುತ್ತಿದ್ದವರು ಅಪ್ಪನ ಕಾಲದ ನಿಂಗಣ್ಣ. ಬೆಂಡೆಗಿಡದ ಲೋಳೆಯಲ್ಲೇ ಕೊಳೆ ತೆಗೆಯುವರು. ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, "ಇಳ್ಸಿ" ಎನ್ನುವರು. ಆದರೆ ಆ ಬೆಲ್ಲ ಕಪ್ಪು. ಆ ವರ್ಷ ಮಂಡ್ಯದ ಮಾರುಕಟ್ಟೆಯಲ್ಲಿ ದರ ವಾರಕ್ಕೊಂದು ಬಗೆ. ಇದ್ದೊಬ್ಬ ದೊಡ್ಡ ಖರೀದಿದಾರರೂ ಬಣ್ಣದ ಬಗ್ಗೆ ಗೊಣಗತೊಡಗಿದ್ದರು. ನಾನು ಹೆದರಿದೆ; ಪುಡಿ ತಂದು ನಿಂಗಣ್ಣನ ಮುಂದಿಟ್ಟೆ.

"ಬ್ಯಾಡ ಕಣವ್ವ. ಬೆಲ್ಲ ಬೆಳ್ಳಗಾಯ್ತದೆ, ಮಾತು ಕಪ್ಪಾಯ್ತದೆ," ಎಂದರು ನಿಂಗಣ್ಣ.

ಇದೊಂದೇ ಸಲ ಎಂದೆ. ಹಾಕಿದರು.

ಒಮ್ಮೆಲೇ ಬೆಳ್ಳಗಾದ ಬೆಲ್ಲ ಕಂಡು ಅನುಮಾನಪಟ್ಟ ಖರೀದಿದಾರರು ಅದನ್ನು ಪರೀಕ್ಷೆ ಮಾಡಿಸಿ, ವರದಿಯ ಕಾಗದ ಹಿಡಿದೇ ಬಂದರು. ಕಬ್ಬು ತಂದ ರೈತರೆಲ್ಲ ಅಲ್ಲೇ ಇದ್ದರು. "ಯಾರು ಹಾಕಿದ್ದು?" ನಾನು — ನಿಂಗಣ್ಣನ ಕಡೆ ನೋಡಿದೆ. ಅಷ್ಟೇ.

"ನಾನೇ ಸಾ, ತಿಳೀದೆ ಆಕ್ಬುಟ್ಟೆ."

ಖರೀದಿದಾರರು ಸಮಾಧಾನ ಹೇಳಿ ಹೋದದ್ದು ನನಗೆ — ನನಗೆ!

ಆ ತಿಂಗಳೇ ನಮ್ಮೂರ ಹಾಲಿನ ಡೇರಿಯ ಚುನಾವಣೆ. ಎರಡು ಹಸು ಕಟ್ಟಿದ್ದ ನಿಂಗಣ್ಣ ನಿರ್ದೇಶಕ ಸ್ಥಾನಕ್ಕೆ ನಿಂತಿದ್ದರು, ಗೆಲ್ಲುವವರೇ. ಅರಳಿಕಟ್ಟೆಯಲ್ಲಿ ಒಬ್ಬ ಅಂದ: "ಬೆಲ್ಲಕ್ಕೆ ಪುಡಿ ಆಕ್ದೋನು ಆಲ್ಗೆ ನೀರ್ ಆಕ್ದೆ ಬುಟ್ಟಾನಾ?" ಊರೆಲ್ಲ ನಕ್ಕಿತು. ನಿಂಗಣ್ಣ ಸೋತರು.

ಈಗ ನಾನು ನೆಮ್ಮದಿಯಾಗಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಕಪ್ಪು ಬೆಲ್ಲವನ್ನೇ ಜನ ಹುಡುಕಿಕೊಂಡು ಬರುತ್ತಾರೆ. ಬೆಳಿಗ್ಗೆ ಗಾಣದ ಸದ್ದು ಕೇಳಿದರೆ ಇಂದಿಗೂ ಖುಷಿ. ಮದ್ದೂರು, ಮಳವಳ್ಳಿಯ ಸಭೆಗಳಲ್ಲಿ ನಾಯಕತ್ವದ ಬಗ್ಗೆ ಮಾತನಾಡಿದ್ದೇನೆ — ದರ ಕುಸಿಯುವ ಕಾಲದಲ್ಲಿ ಯಜಮಾನಿಯಾದವಳು ಮುಂದೆ ನಿಲ್ಲಬೇಕು ಎಂದು. ನಾನು ಯಾರ ಹಿಂದೆ ನಿಂತಿದ್ದೆ ಎಂದು ಮಾತ್ರ...

ಮೊನ್ನೆ ಸಂಜೆ ನಿಂಗಣ್ಣನಿಗೆ, ಡೇರಿ ಚುನಾವಣೆ ಮತ್ತೆ ಬಂದಿದೆ, ನಿಲ್ಲಿ ಎಂದೆ. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಾ ನಕ್ಕರು.

"ಬುಡವ್ವ, ಮತ್ತೆ ಪುಡಿ ಕತೆ ಎತ್ತಾರೆ. ನಂಗೇನೋ ಅಭ್ಯಾಸ ಆಗ್ಬುಟ್ಟದೆ. ಮೊಮ್ಮಗಳು ಕೇಳ್ತಾಳೆ, ನಿಜವಾ ತಾತ ಅಂತ."

"ಏನಂದ್ರಿ?"

"ಊಂ ಅಂದೆ. ಇನ್ನೇನನ್ಲಿ?"

ಮರುದಿನ ಬೆಳಿಗ್ಗೆ ಆರಕ್ಕೆ ಡೇರಿಗೆ ಹೋದೆ. ಕ್ಯಾನು ಹಿಡಿದು ಸಾಲಾಗಿ ನಿಂತವರ ಮುಂದೆ, "ಅವತ್ತು ಪುಡಿ ಹಾಕಿಸಿದ್ದು ನಾನು. ನಿಂಗಣ್ಣ ಬೇಡ ಅಂದ್ರೂ ಹಾಕಿಸಿದೆ," ಎಂದೆ. ಒಬ್ಬಾಕೆ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಓದ್ದೋಳಲ್ವೇನವ್ವ ನೀನು? ಅವತ್ತೆಲ್ಲೋಗಿತ್ತು ಬಾಯಿ?"

ಅಲ್ಲೇ ನಿಂತೆ. ತಡವಾಗಿ ಬಂದವರಿಗೆ ಮತ್ತೆ ಹೇಳಿದೆ, ಆಮೇಲೆ ಬಂದವರಿಗೂ — ಕೊನೆಯ ಕ್ಯಾನು ಸುರಿಯುವವರೆಗೆ.