ಮುಚ್ಚದೆ ಉಳಿದ ಕುಣಿ

ಆ ಮಧ್ಯಾಹ್ನ ನನ್ನ ಗಂಡ ಉಣ್ಣುತ್ತಿದ್ದರು. ಇಷ್ಟನ್ನು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ. ಪಲ್ಯ ಯಾವುದಿತ್ತು ಎಂದು ಕೇಳಿದರೆ ಒಮ್ಮೆ ಪುಂಡಿಪಲ್ಯ ಅನ್ನುತ್ತೇನೆ, ಇನ್ನೊಮ್ಮೆ ಹೆಸರುಕಾಳು ಅನ್ನುತ್ತೇನೆ. ಎರಡನ್ನೂ ಬರೆದು ಎರಡನ್ನೂ ಹೊಡೆದು ಹಾಕಿದ್ದೇನೆ. ಆದರೆ ಮುರಿದ ರೊಟ್ಟಿ ಬಾಯಿಗೆ ಹೋಗುವ ಮುಂಚೆ ಅವರ ಕೈ ನಿಂತದ್ದು ನಿಜ. ಹಿಂದಿನ ಓಣಿಯಲ್ಲಿದ್ದ, ಬೀಗ ಹಾಕಿದ ಕಾರಖಾನೆಯಿಂದ ಒಂದು ಮಗ್ಗದ ಸದ್ದು ಬರುತ್ತಿತ್ತು. ಅದು ಅವರದೇ ಮಗ್ಗದ ಸದ್ದು.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ನರೇಗಲ್ಲಿನಿಂದ ಬಂದವಳು. ನಮ್ಮ ತಂದೆ ಸಂತೆಯಲ್ಲಿ ಸೀರೆ ಮಾರುತ್ತಿದ್ದರು, ಮನೆಯಲ್ಲಿ ಮಗ್ಗವಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲ ಮಗ್ಗಗಳೂ ಒಂದೇ ಗದ್ದಲವಾಗಿ ಕೇಳುತ್ತಿದ್ದವು. ಅತ್ತೆ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಕಲಿಸಿದರು: ಇದು ಮೂಲೆಮನೆಯವನದು, ಅವಸರ ಜಾಸ್ತಿ, ಇದು ಕೆಮ್ಮುವ ಮುದುಕನದು, ನಡುನಡುವೆ ಮುಗ್ಗರಿಸುತ್ತದೆ, ಇದು ನಿನ್ನ ಗಂಡನದು, ಎರಡು ಹೊಡೆತ ಕೂಡಿ ಬಂದು, ಉಸಿರು ಹಿಡಿದಂತೆ ಒಂದು ತಡ, ಆಮೇಲೆ ಮತ್ತೊಂದು. ನಡಿಗೆಯಿಂದ ಮನುಷ್ಯನನ್ನು ಗುರುತಿಸುವ ಹಾಗೆ ಇಲ್ಲಿಯವರು ಹೊಡೆತದಿಂದ ನೇಕಾರನನ್ನು ಗುರುತಿಸುತ್ತಿದ್ದರು. ಅದರಲ್ಲಿ ಯಾರಿಗೂ ಸಂಶಯ ಬರುತ್ತಿರಲಿಲ್ಲ. ತಪ್ಪು ಆದದ್ದೂ ಅಲ್ಲಿಯೇ.

ರಾಜ್ಯ ಒಂದಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಯೂನಿಯನ್ ಸೇರಿದ ನೇಕಾರರಿಗೆ ಕಾರಖಾನೆಯ ಸಾವಕಾರರು ಹೊಸ ಹಾಸು ಕೊಡುವುದನ್ನು ನಿಲ್ಲಿಸಿದರು. ನೂಲಿನ ಹಾಸು ಇಲ್ಲದೆ ಮಗ್ಗ ಬರೀ ಕಟ್ಟಿಗೆ. ಕೆಲವರ ಮಗ್ಗ ಬರಿದಾದದ್ದನ್ನು ನೋಡಿ ಉಳಿದವರೂ ನೇಯುವುದು ಬಿಟ್ಟು ಎದ್ದು ಬಂದು ಸಂಪು ಹೂಡಿದರು. ನನ್ನ ಗಂಡ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು ಬಂದರು. ಸಾವಕಾರರು ಬೈಯಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. ಪುರ್ತಗೇರಿಯ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಮಣ್ಣು ತರಿಸಿದರು.

ನಮ್ಮ ಕಡೆಯ ಮಗ್ಗ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಕೆಳಗೆ ಬಿಟ್ಟು ನೇಯಬೇಕು. ಒಬ್ಬ ನೇಕಾರನ ಕಾಲಿನ ಅಳತೆಗೆ ಸವೆದ ಕುಣಿ ಇನ್ನೊಬ್ಬನಿಗೆ ಒಗ್ಗುವುದಿಲ್ಲ. ಅಪ್ಪನ ಕುಣಿ ಮಗನಿಗೆ ಬರುತ್ತದೆ. ಕುಣಿ ಇದ್ದವನಿಗೆ ಕಾರಖಾನೆಯಲ್ಲಿ ಜಾಗ, ಕುಣಿ ಹೋದರೆ ಜಾಗವೂ ಹೋಯಿತು. ಸಾವಕಾರರು ಬಾಗಿಲ ಕಡೆಯಿಂದ ಒಂದೊಂದೇ ಕುಣಿಯನ್ನು ಮುಚ್ಚಿಸತೊಡಗಿದರು. ಆಳುಗಳು ಮುಂಜಾನೆ ಬಂದು ಮಣ್ಣು ಸುರಿದು, ಉಣ್ಣುವ ಹೊತ್ತಿಗೆ ಬೀಗ ಹಾಕಿ ಹೋಗುತ್ತಿದ್ದರು, ಮತ್ತೆ ಇಳಿಹೊತ್ತಿಗೆ ಬರುತ್ತಿದ್ದರು. ಓಣಿಯ ಗಂಡಸರು ಹೊರಗೆ ನಿಂತು, ಒಳಗೆ ಮಣ್ಣು ಬೀಳುವ ಸದ್ದು ಕೇಳುತ್ತಿದ್ದರು. ನಿಂತಲ್ಲೇ ಕೆಲವರು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ಯಾಕೆ ಎಂದು ಕೇಳಿದರೆ ಅವರೂ ಹೇಳಲಾರರು.

ನಮ್ಮ ಕುಣಿ ಹಿಂದಿನ ಗೋಡೆಯ ಸಾಲಿನಲ್ಲಿತ್ತು. ನನ್ನ ಮಾವ ಆ ಕುಣಿಯಲ್ಲಿ ಕುಳಿತಿದ್ದಾಗಲೇ ಜೀವ ಬಿಟ್ಟಿದ್ದರು; ಲಾಳಿ ಕೈಯಲ್ಲೇ ಇತ್ತಂತೆ. ಮಣ್ಣು ಆ ಸಾಲಿಗೆ ಬಂದು ಮುಟ್ಟಿದ ದಿನವೇ ಸದ್ದು ಶುರುವಾದದ್ದು. ಸಾಲಿನ ಎರಡೂ ತುದಿಯಿಂದ ಮುಚ್ಚುತ್ತ ಬಂದು, ನಡುವಿನ ನಮ್ಮದೊಂದನ್ನು ಉಳಿಸಿ ಉಣ್ಣಲು ಹೋಗಿದ್ದ ಆಳುಗಳು ತಿರುಗಿ ಬಂದು, ಬೀಗಕ್ಕೆ ಕೈ ಹಾಕಿ, ಒಳಗೆ ಮಗ್ಗ ಓಡುವುದನ್ನು ಕೇಳಿ, ಗಾಡಿಯನ್ನು ಅಲ್ಲೇ ಬಿಟ್ಟು ಓಡಿದರು.

ಸಂಜೆ ಬಣ್ಣ ಹಾಕುವ ಅಂಗಳದಲ್ಲಿ ಸಭೆ ಸೇರಿತು. ಯೂನಿಯನ್ನಿನ ಮುಖಂಡ ನರಗುಂದದ ಹತ್ತಿ ಗಿರಣಿಯಲ್ಲಿ ದುಡಿದು ಬಂದವನು, ಮಾತಿನಲ್ಲಿ ಚೂಪು. ಎಲ್ಲರೆದುರು ನನ್ನ ಗಂಡನನ್ನು ನಿಲ್ಲಿಸಿದ.

"ಒಳಗ ನಿನ್ನ ಮಗ್ಗ ಓಡಾಕತ್ತಿತ್ತು. ಕಿವಿ ಇದ್ದವ್ರೆಲ್ಲಾ ಕೇಳ್ಯಾರ. ಏನ್ ಹೇಳ್ತಿ?"

"ನಾ ಮನ್ಯಾಗ ಉಣ್ಣಾಕತ್ತಿದ್ದೆ."

"ನೀ ಮನ್ಯಾಗ ಉಣ್ಣಾಕತ್ತಿದ್ರ ನಿನ್ನ ಕೈ ಅಲ್ಲೇನ್ ಮಾಡಾಕತ್ತಿತ್ತಪಾ? ಕಳಚಿ ಇಟ್ಟು ಬಂದಿದ್ದೇನು?"

ಹಿಂದಿನಿಂದ ಯಾರೋ ನಕ್ಕರು. "ಸಾವ್ಕಾರ್ರಿಗಿ ಕೈ ಕೊಟ್ಟು, ನಮಗ ಬಾಯಿ ಇಟ್ಕೊಂಡಾನ!"

ಸಂಪು ಮುರಿದವನೆಂದು ತೀರ್ಮಾನವಾದರೆ ಅವರ ಜೊತೆ ಯಾರೂ ಮಾತಾಡುತ್ತಿರಲಿಲ್ಲ, ನಮ್ಮ ಮನೆಯ ಕಟ್ಟೆ ಹತ್ತುತ್ತಿರಲಿಲ್ಲ. ಹೆಂಗಸರು ನಿಲ್ಲುವ ಮೂಲೆಯಿಂದ ನಾನು ಬಾಯಿ ತೆಗೆದೆ.

"ರೊಟ್ಟಿ ನೀಡಿದಾಕಿ ನಾನ್ರಿ. ಅವರು ಉಣ್ಣಾಕತ್ತಿದ್ರು, ಸದ್ದೂ ಬರಾಕತ್ತಿತ್ತು. ಎರಡೂ ಕೂಡೇ. ದೇವರಾಣಿ ಮಾಡ್ತೀನಿ."

ಕೆಮ್ಮುವ ಮುದುಕ ನಿಧಾನವಾಗಿ ಹೇಳಿದ: "ಹಂಗಾರ ಅಪ್ಪಂದು. ಈ ಹುಡುಗ ಹೊಡಿಯೂದೂ ಅಪ್ಪನ ಹೊಡತಾನ. ನಾ ಇಬ್ಬರ ಬಾಜೂಕೂ ಕುಂತು ನೇಯ್ದಾಂವ."

ಮುಖಂಡ ನಗಿಸಲು ನೋಡಿದ. "ಸತ್ತವ್ರಿಗಿ ಸಂಪು ಐತಂತ ಯಾರ್ ಹೋಗಿ ಹೇಳೂದ್ರಿ ಈಗ?"

ಯಾರೂ ನಗಲಿಲ್ಲ. ನನ್ನ ಗಂಡನ ಮೇಲಿನ ಅಪವಾದ ಅಲ್ಲಿಗೇ ಬಿತ್ತು. ಆದರೆ ಮನೆಗೆ ಬರುವಾಗ ಅವರು ಕಾರಖಾನೆಯ ಓಣಿ ಬಿಟ್ಟು ಸುತ್ತು ಹಾಕಿ ಬಂದರು.

ಆ ಸಭೆಯಲ್ಲಿ ಯಾರೂ ಕೇಳದೆ ಬಿಟ್ಟ ಮಾತೊಂದಿತ್ತು. ನಾನು ರೊಟ್ಟಿ ನೀಡುವಾಗ ಅತ್ತೆ ಎಲ್ಲಿದ್ದರು? ನನ್ನ ನೆನಪು ಅವರನ್ನು ಒಲೆಯ ಹತ್ತಿರ ಕೂರಿಸುತ್ತದೆ. ನೆನಪಿಗೆ ಅದು ಚೆಂದ ಕಾಣುತ್ತದೆ, ಅದಕ್ಕೇ ಕೂರಿಸುತ್ತದೆ. ನಿಜವಾಗಿ ಅವರು ಅಲ್ಲಿರಲಿಲ್ಲ. ಮರುದಿನ ಮಧ್ಯಾಹ್ನ ಸದ್ದು ಮತ್ತೆ ಬಂದು ನಿಂತ ಮೇಲೆ ನಾನು ಹಿತ್ತಲಿಗೆ ಹೋದೆ. ಅತ್ತೆ ಕಾಲು ತೊಳೆಯುತ್ತಿದ್ದರು. ಮೀನಖಂಡದವರೆಗೆ ಹತ್ತಿದ್ದ ಬೂದು ಬಣ್ಣದ ಹಸಿ ಮಣ್ಣು ನೀರಿನಲ್ಲಿ ಇಳಿಯುತ್ತಿತ್ತು. ಆ ಬಣ್ಣದ ಮಣ್ಣು ಕುಣಿಯ ಒಳಗಲ್ಲದೆ ಎಲ್ಲಿಯೂ ಇಲ್ಲ.

ನಮ್ಮಲ್ಲಿ ಹೆಂಗಸರು ನೂಲು ತೆಗೆಯುತ್ತಾರೆ, ಕಂಡಿಕೆ ಸುತ್ತುತ್ತಾರೆ, ಕುಣಿಗೆ ಇಳಿಯುವುದಿಲ್ಲ. ಇಳಿಯಬಹುದು ಎಂದು ಇಡೀ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೆಣ ನೇಯುತ್ತಿದೆ ಎಂದು ನಂಬುವುದು ಅವರಿಗೆ ಅದಕ್ಕಿಂತ ಸುಲಭವಾಗಿತ್ತು.

"ಅತ್ತೀ, ನೀವೇನ್ರಿ?"

"ಹೂಂ, ನಾನ. ಯಾಕ ಹಂಗ ನೋಡ್ತಿ? ಕಾರಖಾನ್ಯಾಗಿನ ಬಣ್ಣದ ಮನಿ ಕಿಡಕಿ ಸಳಿ ಸಡಲ ಐತಿ, ಅಲ್ಲಿಂದ ಒಳಗ ಇಳದೆ. ಕಂಡಿಕಿ ಕೊಡಾಕ ಹೋಗಿ ಹೋಗಿ ನನಗ ಗೊತ್ತು."

"ಸಂಪು ಐತಲ್ರೀ!"

"ಸಂಪು ನೇಕಾರರಿಗಿ. ನಾ ಯಾವಾಗ ನೇಕಾರ ಆದೆ? ನಿಮ್ಮ ಯೂನಿಯನ್‌ನ್ಯಾಗ ನನ್ನ ಯಾರರ ಕರದಾರೇನು?" ಅವರು ಇನ್ನೊಂದು ಕಾಲಿಗೆ ನೀರು ಹಾಕಿಕೊಂಡರು. "ನೇಯಾಕ ಅಂತ ಹೋಗಿಲ್ಲ ತಂಗಿ. ಮಣ್ಣು ಹಾಕವ್ರು ಬಂದ್ರ ಕುಣ್ಯಾಗ ಕುಂತಿರ್ತೀನಿ, ನನ್ನ ಮ್ಯಾಲ ಹಾಕ್ರಿ ಅನ್ನಾವಾಕಿ ಇದ್ದೆ. ಅವ್ರು ಬರೂತನಾ ಸುಮ್ನ ಹ್ಯಾಂಗ ಕುಂದ್ರೂದು? ಕೈ ಹೋತು."

"ಅವರದ ಹೊಡತ ನಿಮಗ ಹ್ಯಾಂಗ ಬಂತ್ರಿ?"

"ನನ್ನ ತವರಾಗ ಹೆಣ್ಮಕ್ಕಳೂ ನೇಯ್ತಿದ್ರು. ಲಗ್ನ ಆದ ಮ್ಯಾಲ ಆ ಹೊಡತ ನಿಮ್ಮ ಮಾವಗ ನಾನ ಕಲಿಸೀನಿ." ಚೊಂಬು ಕೆಳಗಿಟ್ಟು ಅಂದರು: "ಆಳು ಓಡಿ ಹೋದ್ರಂತ. ಸಾವ್ಕಾರ್ರೂ ಆ ಸಾಲಿನ ಕಡೆ ಹಾಯೂದಿಲ್ಲಂತ. ಕುಣಿ ಉಳೀತು, ಇನ್ನ ನಾ ಹೋಗೂದಿಲ್ಲ. ನೀನೂ ಬಾಯಿ ಬಿಡಬ್ಯಾಡ."

ಬಿಡಲಿಲ್ಲ. ಬಿಟ್ಟಿದ್ದರೆ ಗಂಡ ಸಂಪು ಮುರಿದವಳ ಮಗನಾಗುತ್ತಿದ್ದರು, ಕುಣಿಗೂ ಮಣ್ಣು ಬೀಳುತ್ತಿತ್ತು.

ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ. ಒಂದು ಪ್ರತಿಯಲ್ಲಿ ಇದನ್ನು ಬಿಟ್ಟೇ ಬರೆದಿದ್ದೆ. ಆಗ ಬರಹ ಓದಲು ಹಗುರವಾಗಿತ್ತು, ನನಗೆ ಅದರ ಮೇಲೆ ನಂಬಿಕೆ ಹೋಯಿತು. ಅದಾದ ಕೆಲವು ದಿನಕ್ಕೆ ಅತ್ತೆ ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತಿದ್ದರು, ನಾನು ಎದುರಿಗೆ ನೂಲು ಬಿಡಿಸುತ್ತಿದ್ದೆ. ಗಂಡ ಅಂಗಳದ ಸಭೆಯಲ್ಲಿ ಎಲ್ಲರ ಜೊತೆ ಇದ್ದರು. ಎರಡು ಹೊಡೆತ ಕೂಡಿ ಬಂದವು. ತಡ. ಮತ್ತೊಂದು. ಅತ್ತೆಯ ಕೈ ರಾಟೆಯ ಮೇಲೆ ನಿಂತಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಗಜೇಂದ್ರಗಡದ ಕೋಟೆಯ ಗುಡ್ಡ ಊರಿನ ಸದ್ದನ್ನು ತಿರುಗಿ ಊರಿಗೇ ಎಸೆಯುತ್ತದೆ. ಬೇರೆ ಯಾರೋ ಸೌದೆ ಒಡೆದಿರಬಹುದು, ಒನಕೆ ಹಾಕಿರಬಹುದು. ಅತ್ತೆ ಒಪ್ಪಿಕೊಂಡದ್ದನ್ನು ಕೇಳಿದ ಮೇಲೆ ನನ್ನ ಕಿವಿಯೇ ಅದನ್ನು ಕಟ್ಟಿಕೊಂಡಿರಲೂಬಹುದು. ಆದರೆ ಅತ್ತೆ ತಲೆ ಎತ್ತದೆ, "ನೀ ಕೇಳಿದೇನು?" ಎಂದರು. ನಾನು, "ಇಲ್ರಿ," ಎಂದೆ. ಅವರು ರಾಟೆಯನ್ನು ಮತ್ತೆ ತಿರುಗಿಸಿದರು, ಸಲ್ಲದಷ್ಟು ಜೋರಾಗಿ.

ರೋಣದಿಂದ ಅಧಿಕಾರಿಯೊಬ್ಬರು ಬಂದು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು. ಸಾವಕಾರರು ಎಲ್ಲರಿಗೂ ಹಾಸು ಕೊಡಲು ಒಪ್ಪಿದರು; ಮುಚ್ಚಿದ ಕುಣಿಗಳನ್ನು ನೇಕಾರರೇ ತೋಡಿಕೊಳ್ಳಬೇಕೆಂದೂ ಆಯಿತು. ಬಾಗಿಲು ತೆರೆದ ದಿನ ಎಲ್ಲರೂ ಸನಿಕೆ ಹಿಡಿದು ಒಳಗೆ ಹೋದರು. ತೋಡಬೇಕಾಗಿಲ್ಲದ ಒಂದೇ ಕುಣಿ, ನಮ್ಮದು, ಹಿಂದಿನ ಸಾಲಿನಲ್ಲಿತ್ತು. ಅದರ ಎಡಬಲದ ಇಬ್ಬರು ತಮ್ಮ ಕುಣಿಯನ್ನು ಅಲ್ಲಿ ತೋಡುವುದಿಲ್ಲ ಎಂದು ಕೂತುಬಿಟ್ಟರು. ಅವರನ್ನು ನೋಡಿ ಆ ಸಾಲಿನವರೆಲ್ಲ ಸನಿಕೆ ಇಳಿಸಿದರು.

"ನಿನ್ನ ಮ್ಯಾಲ ಸಿಟ್ಟಿಲ್ಲೋ," ಎಂದನಂತೆ ಪಕ್ಕದವನು. "ನೀ ನೇಯೂ ಮುಂದ ಅದು ನೀನ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಒಂದು ಸಾಲು ಎದ್ದರೆ ಉಳಿದವರೂ ಏಳುತ್ತಿದ್ದರು, ಗೆದ್ದು ಬಂದ ಮಾತು ಅಲ್ಲಿಗೇ ಮುರಿಯುತ್ತಿತ್ತು. ಮುಖಂಡ ಬಂದು ಏನೋ ಹೇಳಲು ನೋಡಿದ. ನನ್ನ ಗಂಡ ಅವನ ಕೈಯ ಸನಿಕೆ ಇಸಿದುಕೊಂಡು, ಮೂಲೆಯಲ್ಲಿ ಉಳಿದಿದ್ದ ಪುರ್ತಗೇರಿಯ ಮಣ್ಣನ್ನು ತಾವೇ ಹೊತ್ತು ತಂದು ಅಪ್ಪನ ಕುಣಿಗೆ ಸುರಿದರು. ಬೇರೆ ಯಾರೂ ಕೈ ಹಚ್ಚಲಿಲ್ಲ. ಅದು ತುಂಬಿದ ಮೇಲೆ ಸಾಲಿನವರು ತಮ್ಮ ತಮ್ಮ ಕುಣಿ ತೋಡತೊಡಗಿದರು. ಸಾವಕಾರರು ನನ್ನ ಗಂಡನಿಗೆ ಬಾಗಿಲ ಹತ್ತಿರ ಗಾಳಿಗೆ ಧೂಳು ಹಾರುವ ಜಾಗ ಕೊಟ್ಟರು.

ಸಂಜೆ ಮನೆಗೆ ಬಂದು ಅವರು ಇದನ್ನೆಲ್ಲ ನಿಂತುಕೊಂಡೇ ಹೇಳಿದರು. ತಾಯಿ ಅಳುತ್ತಾರೆಂದು ಅವರು ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ತಮ್ಮ ಮೈ ಅಡ್ಡ ಇಟ್ಟು ಉಳಿಸಿದ ಕುಣಿಯನ್ನು ಮಗನೇ ಮುಚ್ಚಿ ಬಂದಿದ್ದ. ಅತ್ತೆ ಮಗನ ಅಂಗೈ ಎಳೆದುಕೊಂಡು ಗುಳ್ಳೆ ಎದ್ದದ್ದನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಮ್ಯಾಲ ನಿಂತು ಗಟ್ಟಿ ತುಳದೇನಪಾ?"