ಲಾರಿಗೆ ತಲೆಗೆರೆದ ಶುಕ್ರವಾರ

ಅಂಟುವಾಳಕಾಯಿಯನ್ನು ಬಿಸಿನೀರಿನಲ್ಲಿ ಕಿವುಚುವಾಗ ಏಳುವ ಒಗರು ವಾಸನೆ ಎಲ್ಲಿ ಬಂದರೂ ನನಗೆ ನೆನಪಾಗುವುದು ಎಣ್ಣೆಸ್ನಾನವಲ್ಲ, ಲಾರಿ. ವಿಜಯವಾಡದ ಆಟೋನಗರ್‌ನಲ್ಲಿ, ಶೆಡ್ಡುಗಳ ನಡುವೆ ಸಿಕ್ಕಿಕೊಂಡಂತಿದ್ದ ನಮ್ಮ ಮನೆಯ ಅಂಗಳವನ್ನೆಲ್ಲ ತುಂಬಿ ನಿಲ್ಲುತ್ತಿದ್ದ, ತಾತನ ಕಾಲದ ಹಸಿರು ಲಾರಿ. ಅದು ನೀಲಿ ಎನ್ನುತ್ತಿದ್ದಳು ಅಮ್ಮ. ಇತಿಹಾಸ ಓದಿದವಳು ನಾನು. ಒಂದೇ ಸಾಕ್ಷಿಯ ಮಾತನ್ನು ಪೂರ್ತಿ ನಂಬಬಾರದೆಂದು ಕಲಿತವಳು. ಆ ಸಾಕ್ಷಿ ನಾನೇ ಆದಾಗ ಅನುಮಾನ ಇನ್ನೂ ಹೆಚ್ಚು. ಆದರೂ ಈಗಿಲ್ಲದ ಅಂಗಳವೊಂದು ನಿಮಗೂ ಇದ್ದೀತೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಗದಗಿನಿಂದ ಮದುವೆಯಾಗಿ ಬಂದ ಅಮ್ಮ ಕನ್ನಡ ಬಿಡಲಿಲ್ಲ. ನಾನ್ನ, ಅಂದರೆ ನಮ್ಮಪ್ಪ, ತೆಲುಗು ಬಿಡಲಿಲ್ಲ. ಅವರು ಅದರಲ್ಲಿ ಕೇಳುವುದು, ಇವಳು ಇದರಲ್ಲಿ ಉತ್ತರಿಸುವುದು. ಎರಡೂ ಒಂದೇ ಭಾಷೆಯೆಂದು ನಾನು ಬಹಳ ದಿನ ತಿಳಿದಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಲ್ಲಿಸಿದ ಲಾರಿಯಿಂದ ಬ್ರೇಕಿನ ಗಾಳಿ ಸೋರಿಹೋಗುತ್ತಿತ್ತು. ಲಾರಿ ಓಡಿಸುತ್ತಿದ್ದವನು ಬಾಬಾಯಿ, ನನ್ನ ಚಿಕ್ಕಪ್ಪ. ಬ್ರೇಕ್ ಪೆಡಲಿನ ಕೆಳಗಿನ ವಾಲ್ವಿನ ತೂತಿನಿಂದ ಉಸ್ಸೆನ್ನುವುದನ್ನು ಕೇಳಿ, ದಸರಾ ಪೂಜೆಗೆ ಲಾರಿಗೆ ಕಟ್ಟಿದ್ದ ಅರಿಶಿನದ ಬಟ್ಟೆಯನ್ನೇ ಬಿಚ್ಚಿ ಆ ತೂತಿಗೆ ಜಡಿದು, ಮೇಲೆ ತಂತಿ ಬಿಗಿದಿದ್ದ. ಸೋರುವುದೂ ನಿಲ್ಲುತ್ತದೆ, ದೇವಿಯ ಕಾವಲೂ ಇರುತ್ತದೆ ಎಂದು ಅವನ ಲೆಕ್ಕ. ಆದರೆ ಮಂಗಳಗಿರಿಯ ಹತ್ತಿರ ಒಮ್ಮೆ ಹಿಡಿದ ಬ್ರೇಕು ಬಿಡಲೇ ಇಲ್ಲ. ಚಕ್ರಗಳಿಂದ ಹೊಗೆ ಎದ್ದಿತು. ಹೇಗೋ ಲಾರಿಯನ್ನು ಮನೆ ಮುಟ್ಟಿಸಿದವನೇ, "ಅಮ್ಮೇದ್ದಾಂ ಅನ್ನಯ್ಯಾ, ಇದು ಇನ್ನು ಗುಜರಿಗೇ," ಎಂದು ಬೀಗದಕೈ ಜಗಲಿಯ ಮೇಲಿಟ್ಟ. ಮಾರಿಬಿಡೋಣ ಎಂದು ಅವನು ಅಂದದ್ದು ಅದೇ ಮೊದಲಲ್ಲ. ಈ ಸಲ ಗುಜರಿಯವನಿಗೆ ಶನಿವಾರ ಬೆಳಿಗ್ಗೆ ಬಾ ಎಂದೂ ಹೇಳಿ ಬಂದಿದ್ದ.

ನಾನ್ನ ತಮ್ಮನನ್ನು ಬೈಯಲಿಲ್ಲ. ಬಟ್ಟೆಯನ್ನು ಕಿತ್ತು ಕೈಯಲ್ಲಿ ಹಿಡಿದು, "ಅದಿ ದಾನಿ ಮುಕ್ಕುರಾ!" ಎಂದರು. ಮೂಗು ಮುಚ್ಚಿದರೆ ಲಾರಿ ಉಸಿರು ಬಿಡುವುದೆಲ್ಲಿಂದ? ಬ್ರೇಕು ಸಡಿಲಾಗುವಾಗ ಗಾಳಿ ಹೊರಗೆ ಹೋಗಬೇಕಾದ ದಾರಿ ಅದು. ಸೋರುವ ಕಾರಣ ಒಳಗೆಲ್ಲೋ ಇದೆ. ಆಮೇಲೆ ಷರತ್ತು ತಾವೇ ಹಾಕಿದರು: ಇಂದು ರಿಪೇರಿ ಮಾಡಿ, ಸಂಜೆ ಗಾಳಿ ತುಂಬಿಸಿ ನಿಲ್ಲಿಸುತ್ತೇನೆ. ನಾಳೆ ಬೆಳಿಗ್ಗೆ ಗಾಳಿ ಗೇಜಿನ ಮುಳ್ಳು ಇದ್ದಲ್ಲೇ ಇದ್ದರೆ ಲಾರಿ ಉಳಿಯುತ್ತದೆ. ಬಿದ್ದಿದ್ದರೆ ಬೀಗದಕೈ ಗುಜರಿಯವನಿಗೆ ನಾನೇ ಕೊಡುತ್ತೇನೆ. ನಿಲ್ಲದ ಗಾಡಿಗೆ ನನ್ನ ತಮ್ಮನನ್ನು ಹತ್ತಿಸುವುದಿಲ್ಲ.

ಚಕ್ರಗಳಿಗೆ ಕಲ್ಲು ಕೊಟ್ಟು, ಟ್ಯಾಂಕಿನ ಗಾಳಿ ಪೂರ್ತಿ ಇಳಿಸಿದಾಗ ಚಹಾದ ಬಣ್ಣದ ತುಕ್ಕುನೀರು ಸುರಿಯಿತು. ಅದರ ಕಣಗಳೇ ವಾಲ್ವಿನೊಳಗೆ ಕೂತು ರಬ್ಬರನ್ನು ಕೊರೆದಿದ್ದವು. ನಾನ್ನ ವಾಲ್ವ್ ಬಿಚ್ಚಿ ತೊಳೆದರು. ಬಾಬಾಯಿ ಮುಖ ಗಂಟು ಹಾಕಿಕೊಂಡೇ ಹೋಗಿ ಹೊಸ ರಬ್ಬರು ತಂದ. ಜೋಡಿಸಿ, ಇಂಜಿನ್ ಓಡಿಸಿ ಗಾಳಿ ತುಂಬಿಸಿದ ಮೇಲೆ ಸೋಪಿನ ನೀರು ಬೇಕಾಯಿತು. ಸೋರುವ ಕಡೆ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಅಮ್ಮ ನನ್ನ ತಲೆಗೆಂದು ಕಿವುಚಿಟ್ಟಿದ್ದ ಅಂಟುವಾಳದ ತಪ್ಪಲೆಯನ್ನೇ ತಂದು, "ಶುಕ್ರವಾರ ಐತಿ, ಲಾರಿಗೂ ತಲಿಗೆ ಎರೀರಿ. ಪುಣ್ಯಾ ಬರ್ತೈತಿ," ಎಂದಳು. ಬಾಬಾಯಿಗೂ ನಗು ತಡೆಯಲಾಗಲಿಲ್ಲ.

ಪೆಡಲ್ ತುಳಿಯುವವರು ಬೇಕಿತ್ತು. ಅಮ್ಮ ಸೆರಗು ಸಿಕ್ಕಿಸಿ ಡ್ರೈವರ್ ಸೀಟು ಹತ್ತಿದಳು. ಅವಳನ್ನು ಅಷ್ಟು ಎತ್ತರದಲ್ಲಿ ನಾನು ಅದಕ್ಕೆ ಮೊದಲು ಎಂದೂ ಕಂಡಿರಲಿಲ್ಲ. ಕೆಳಗಿನಿಂದ ನಾನ್ನ "ತೊಕ್ಕು!" ಎನ್ನುವರು. ಮೇಲಿನಿಂದ ಅಮ್ಮ, "ಒತ್ತೇನ್ರಿ!" ಬಿಡು ಎನ್ನಲು ಕೆಳಗಿನಿಂದ "ವದಿಲೇಯ್!" ಮೇಲಿನಿಂದ "ಬಿಟ್ಟೇನ್ರಿ!" ಆ ಮಾತಿನ ಹಿಂದೆಯೇ ತೆರೆದ ಮೂಗಿನಿಂದ ಉಸ್ಸೆಂದು ಗಾಳಿ. ಒಂದು ಪೈಪಿನ ಬಾಯಲ್ಲಿ ಗುಳ್ಳೆ ಕಂಡಿತು, ಬಿಗಿ ಮಾಡಿದರು. ಇನ್ನೊಂದರಲ್ಲಿ ಕಂಡಿತು, ಅದನ್ನೂ ಬಿಗಿದರು. "ತೊಕ್ಕು." "ಒತ್ತೇನ್ರಿ." ಬಿಸಿಲು ಗೋಡೆ ಹತ್ತಿ ಇಳಿಯುವವರೆಗೂ ಇದೇ ನಡೆಯಿತು. ಅವಳ ಕಾಲು ನಡುಗುತ್ತಿತ್ತೆಂದು ಬರೆಯಬೇಕೆನಿಸುತ್ತದೆ; ನಾನು ನೋಡಿದ್ದೆನೋ ಇಲ್ಲವೋ.

ಬೆಳಿಗ್ಗೆ ಗುಜರಿಯವನು ಬರುವ ಮೊದಲೇ, ಒಲೆ ಹಚ್ಚದೆ, ಮುಳ್ಳು ನೋಡಲು ಅಮ್ಮ ಲಾರಿ ಹತ್ತಿದಳು. ನಾನ್ನ ಜಗಲಿಯಿಂದ ಏಳಲಿಲ್ಲ. "ನಿಂತೈತ್ರಿ," ಎಂದಳು, ಕಿಟಕಿಯಿಂದ. ಬಾಬಾಯಿ ಬೀಗದಕೈ ಎತ್ತಿಕೊಂಡ.

ಲಾರಿ ಇನ್ನೂ ಕೆಲವು ವರ್ಷ ಓಡಿತು, ಆಮೇಲೆ ಹೋಯಿತು. ಆ ಅಂಗಳದಲ್ಲಿ ಈಗ ಯಾರದೋ ಗೋದಾಮು. ನಾನ್ನನೂ ಇಲ್ಲ. ವಿಶಾಖಪಟ್ಟಣದಲ್ಲಿ ನನ್ನ ಜೊತೆಗಿರುವ ಅಮ್ಮನಿಗೆ ಆ ಶುಕ್ರವಾರದ ಬಗ್ಗೆ ಕೇಳಿದರೆ, "ಯಾವ ಲಾರಿ ಮಾತಾಡ್ತೀ," ಎನ್ನುತ್ತಾಳೆ. ಹಾಗಾದರೆ ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಕಟ್ಟಿಕೊಂಡದ್ದು ಎಂದು ಡೈರಿಯಲ್ಲಿ ಬರೆದು ಬರೆದು ಹೊಡೆದುಹಾಕಿದ್ದೇನೆ.

ಮೊನ್ನೆ ಸಿಂಹಾಚಲಂ ಬೆಟ್ಟದಿಂದ ಬಸ್ಸಿನಲ್ಲಿ ಇಳಿಯುತ್ತಿದ್ದೆವು. ತಿರುವು ಬಂದಾಗಲೆಲ್ಲ ಅಮ್ಮನ ಬಲಗಾಲು ಚಪ್ಪಲಿಯಿಂದ ಹೊರಬಂದು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಕೆಳಗೆ ಬಸ್ಸು ನಿಂತು, ಉಸ್ಸೆಂದು ಗಾಳಿ ಬಿಟ್ಟಿತು. ಅಮ್ಮ ಕಿಟಕಿಯಾಚೆ ನೋಡುತ್ತಲೇ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಕೆಳಗೆ ಯಾರೋ ಕಾಯುತ್ತಿರುವಂತೆ, ಮೆಲ್ಲಗೆ ಅಂದಳು:

"ಬಿಟ್ಟೇನ್ರಿ."