ಮೀಸೆ ಬೋಳಿಸಿಕೊಂಡ ಮೆಕ್ಸಿಕನ್

ಯುಗಾದಿ ಊಟದ ಪಂಕ್ತಿಯಲ್ಲಿ ನಿಜಲಿಂಗಪ್ಪನವರ ಮೀಸೆ ಸಾರಿಗೆ ಬಿತ್ತು.

ಕಿಂಗ್ಸ್‌ಬರಿಯ ಒಂದು ಶಾಲೆಯ ಹಾಲ್‌ನಲ್ಲಿ ನಾವು ಲಂಡನ್ ಕನ್ನಡಿಗರು ಹಬ್ಬ ಮಾಡುತ್ತಿದ್ದೆವು. ಬಡಿಸುತ್ತಿದ್ದ ಗಿರಿಜಾದೇವಿ ಅವರ ಬಟ್ಟಲಲ್ಲಿ ಕರ್ರಗೆ ತೇಲುತ್ತಿದ್ದುದನ್ನು ಕಂಡು, "ಅಯ್ಯೋ, ಜಿರಳೆ!" ಎಂದು ಸೌಟು ಬಿಟ್ಟರು. ನಿಜಲಿಂಗಪ್ಪನವರು ಅದನ್ನು ಎತ್ತಿ, ಹಿಂಡಿ, ಜೇಬಿಗಿಟ್ಟುಕೊಂಡರು. ಆಶ್ಚರ್ಯವೆಂದರೆ, ಮುಖದ ಮೇಲೆ ಇನ್ನೊಂದು ಮೀಸೆ ಹಾಗೇ ಇತ್ತು.

"ಇದು ನಂದು," ಎಂದರು ತುಟಿ ಮುಟ್ಟಿ. ಆಮೇಲೆ ಜೇಬು ಮುಟ್ಟಿ, "ಅದು ಟೀವಿಯವರದು. ಶೂಟಿಂಗಿನಿಂದ ಸೀದಾ ಬಂದೇನ್ರಿ."

ವಿಜಾಪುರದ ನಿಜಲಿಂಗಪ್ಪನವರು ಟೀವಿಯ ನಗೆ ಧಾರಾವಾಹಿಗಳಲ್ಲಿ ಮೆಕ್ಸಿಕನ್ ಆಗಿದ್ದಾರೆಂಬುದು ಊರಿಗೆ ತಿಳಿದದ್ದು ಹೀಗೆ. ಆಸ್ಪತ್ರೆಯೊಂದರ ಬಟ್ಟೆ ಉಗ್ರಾಣದಲ್ಲಿ ಕೆಲಸಕ್ಕಿದ್ದವರು, ಮೊಣಕಾಲು ಕೈಕೊಟ್ಟ ಮೇಲೆ ೧೯೯೫ರಲ್ಲಿ ಕೆಲಸ ಬಿಟ್ಟು ಮನೆಯಲ್ಲಿದ್ದರು. ಒಮ್ಮೆ ಸೌತ್‌ಹಾಲ್‌ನಲ್ಲಿ ಕ್ಷೌರಕ್ಕೆ ಕೂತಾಗ, ಟೀವಿಗೆ ಮುಖಗಳನ್ನು ಒದಗಿಸುವ ಹೆಂಗಸೊಬ್ಬಳು ಆ ಮೀಸೆಗೆ ಮರುಳಾದಳು. ಆಕೆಯ ಲೆಕ್ಕದಲ್ಲಿ ಬಿಸಿಲಿನ ದೇಶಗಳೆಲ್ಲ ಒಂದೇ ದೇಶ. ಅಂದಿನಿಂದ ಮೀಸೆಯವರಿಗೆ ಮೀಸಲಾದ ಪಾತ್ರಗಳು ಒಂದರ ಹಿಂದೊಂದು ಬಂದವು: ಗೋಡೆಗೊರಗಿ ದೊಡ್ಡ ಟೋಪಿಯಡಿ ನಿದ್ದೆ ಹೊಡೆಯುವವನು, ಕೋಳಿ ಕದಿಯುವವನು, ಬಂದೂಕು ತಿರುಗಿಸುವ ದರೋಡೆಕೋರ, ಮತ್ತೆ ನಿದ್ದೆ ಹೊಡೆಯುವವನು. ಮೆಕ್ಸಿಕನ್ ಆಗಲು ದೇವರು ಕೊಟ್ಟ ಮೀಸೆ ಸಾಲದೆಂದು ಅದರ ಮೇಲೊಂದು ಅಂಟಿಸುತ್ತಿದ್ದರು. ಸ್ಟುಡಿಯೋದ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾವೂ ನಕ್ಕೆವು.

ಮುಂದಿನ ವರ್ಷ ನಗು ಅರ್ಧಕ್ಕೆ ನಿಂತಿತು. ಸ್ಟ್ರಾಟ್‌ಫರ್ಡ್‌ನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವರ ಮಗಳು ಅನ್ವಿತಾ, ಜೊತೆಯಲ್ಲೇ ಕೆಲಸ ಮಾಡುವ ಆಂಡ್ರೆಸ್‌ನನ್ನು ಮದುವೆಯಾಗುತ್ತೇನೆಂದಳು. ಹುಡುಗ ಕೊಲಂಬಿಯಾದವನು. ತಾಯಿ ಲೂಸ್ ಮರೀನಾ ಒಪ್ಪದೆ ಅವನು ಹೆಜ್ಜೆ ಇಡುವವನಲ್ಲ. ಆ ತಾಯಿಯೋ, ಟೀವಿಯಲ್ಲಿ ಸ್ಪ್ಯಾನಿಷ್ ಮಾತಾಡುವ ತಮ್ಮ ಕಡೆಯವರನ್ನು ಸೋಮಾರಿ, ಕಳ್ಳ ಎಂದು ತೋರಿಸಿದರೆ ಚಪ್ಪಲಿ ಎಸೆಯುವವರು.

"ಅಪ್ಪಾ, ಷಿ ಮಸ್ಟ್ ನಾಟ್ ನೋ," ಎಂದಳು ಅನ್ವಿತಾ.

ಲೂಸ್ ಮರೀನಾ ಊಟಕ್ಕೆ ಬರುವ ಭಾನುವಾರ ನಮ್ಮನ್ನೂ ಕರೆದಿದ್ದರು. ಇಂಗ್ಲಿಷಿಗೆ ಕಾನ್ವೆಂಟಿನಲ್ಲಿ ಓದಿದವರು ಒಬ್ಬರಿರಲಿ ಅಂತ. ನಾವು ಹೋದಾಗ ನಿಜಲಿಂಗಪ್ಪನವರು ಕಿಟಕಿಯಿಂದ ಲಿಫ್ಟಿಗೆ, ಲಿಫ್ಟಿನಿಂದ ಕಿಟಕಿಗೆ ತಿರುಗುತ್ತಿದ್ದರು. ಸೋಫಾದ ದಿಂಬು ಎತ್ತಿ ಇಡುತ್ತಿದ್ದರು, ಇಟ್ಟದ್ದನ್ನು ಎತ್ತುತ್ತಿದ್ದರು. ಕೊನೆಗೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಬಂದಾಗ ಮೀಸೆ ಇರಲಿಲ್ಲ. ತುಟಿಯ ಮೇಲೆ ಬಿಸಿಲು ಕಾಣದ ಬೆಳ್ಳನೆಯ ಪಟ್ಟಿ.

ಹೆಂಡತಿ ಶಿವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದರು. "ಇದೇನ್ರೀ ಅವತಾರ? ಲಗ್ನದಾಗೂ ತೆಗೀಲಿಲ್ಲ ನೀವು ಅದನ್ನ!"

"ಗುರುತು ಹಿಡೀಬಾರದಲ್ಲಬೇ."

"ಹಿಡಿದ್ರ ಏನಾತು? ಬೀಗರಾಗಾಕಿ ಬಂದಾಳಂದ್ರ ಖುಷಿ ಪಡಬೇಕು!" ಎಂದು ಶಿವಕ್ಕ ಮತ್ತೆ ರೊಟ್ಟಿಗೆ ಬಡಿದರು. ಆ ಪೆಟ್ಟು ರೊಟ್ಟಿಗಷ್ಟೇ ಅನಿಸಲಿಲ್ಲ.

ಲೂಸ್ ಮರೀನಾ ಬಂದರು. ಕುಳ್ಳಗೆ, ಗಟ್ಟಿಯಾಗಿ, ಕೈಯಲ್ಲಿ ಹೂವಿನ ಕಟ್ಟು. ದಿನಾ ಬೆಳಗಾಗುವ ಮುಂಚೆ ಬ್ಯಾಂಕುಗಳ ಆಫೀಸು ಗುಡಿಸುವ ಕೆಲಸ ಅವರದು. ಬದನೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡರು. ಅನ್ವಿತಾಳ ಮುಖ ಸಡಿಲವಾಯಿತು. ನಿಜಲಿಂಗಪ್ಪನವರು ಮಾತ್ರ ಇಲ್ಲದ ಮೀಸೆ ಹುರಿ ಮಾಡುತ್ತ ಕೂತಿದ್ದರು.

ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಸಂಬಂಧ ಬೆಳೆಸಲು ಬಂದವರಿಗೆ ಊಟವಾದ ಮೇಲೆ ಮನೆಯ ವಿಡಿಯೋ ಕ್ಯಾಸೆಟ್ ತೋರಿಸದೆ ಕಳಿಸುವುದಿಲ್ಲ. ಚಹಾ ಕೊಟ್ಟ ಶಿವಕ್ಕ ಕ್ಯಾಸೆಟ್ ತುರುಕಿದರು. ಮಗಳ ನಾಮಕರಣ ಇರಬೇಕು ಅಂದುಕೊಂಡೆವು.

ಪರದೆಯ ಮೇಲೆ ದೊಡ್ಡ ಟೋಪಿ. ಟೋಪಿಯಡಿ ಎರಡು ಮೀಸೆ. ಗೊರಕೆ.

"ಅಮ್ಮಾ!" ಅನ್ವಿತಾ ಚೀರಿದಳು.

"ಯಾಕ? ನೋಡ್ಲಿ ಬಿಡು," ಎಂದು ಶಿವಕ್ಕ ಹೆಮ್ಮೆಯಿಂದ ಬೀಗಿತ್ತಿಯ ಕಡೆ ತಿರುಗಿದರು. "ಸೀ, ಮೈ ಹಸ್ಬೆಂಡ್! ಯುವರ್ ಪೀಪಲ್! ಅವಾಗಿಂದ್ಲೇ ನಿಮ್ಮವರೇ ಆಗ್ಯಾರ!"

ರಿಮೋಟ್ ಹುಡುಕಲು ನಿಜಲಿಂಗಪ್ಪನವರು ಸೋಫಾದಡಿ ಕೈಯಾಡಿಸಿದರು. ಸಿಗಲಿಲ್ಲ. ಲೂಸ್ ಮರೀನಾ ಕಪ್ ಕೆಳಗಿಟ್ಟರು. ಪರದೆ ನೋಡಿದರು, ಬೋಳು ತುಟಿ ನೋಡಿದರು. "ನಾನು ಮೆಕ್ಸಿಕೋ ನೋಡಿಯೇ ಇಲ್ಲ," ಎಂದರು ಮೆಲ್ಲಗೆ, ತಡೆ ತಡೆದು ಇಂಗ್ಲಿಷಿನಲ್ಲಿ. "ಈ ಊರಿನಲ್ಲಿ ನಮ್ಮವರು ಮಲಗಿದ್ದನ್ನೂ ನೋಡಿಲ್ಲ. ಯಾರಿಗೆ ಪುರಸೊತ್ತು?"

ಅನ್ವಿತಾ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಟೀವಿಯ ನಿಜಲಿಂಗಪ್ಪನವರು ನಿದ್ದೆ ಬಿಟ್ಟು ಬಂದೂಕು ಎತ್ತಿದರು. ಏನಾದರೂ ಸ್ಪ್ಯಾನಿಷ್ ಕೂಗು ಎಂದಿದ್ದನಂತೆ ನಿರ್ದೇಶಕ. ಕೆಂಗಣ್ಣು ಬಿಟ್ಟು ಅವರು ಗರ್ಜಿಸಿದ್ದು ಹೀಗೆ: "ಶಿವಕ್ಕಾ! ಸಂಜೀಕ ಬರುವಾಗ ಬದನೀಕಾಯಿ ತರ್ಲೇನಬೇ?"

"ಇದು ಯಾವ ಸ್ಪ್ಯಾನಿಷ್?" ಲೂಸ್ ಮರೀನಾ ಕೇಳಿದರು.

ಅನ್ವಿತಾ ಬೇರೆ ದಾರಿ ಕಾಣದೆ ಅರ್ಥ ಹೇಳಿದಳು. ಆ ಹೆಂಗಸು ತಾವು ಈಗಷ್ಟೇ ಖಾಲಿ ಮಾಡಿದ ಪಲ್ಯದ ಬಟ್ಟಲು ನೋಡಿದರು, ಶಿವಕ್ಕನನ್ನು ನೋಡಿದರು. ಭುಜ ಕುಲುಕತೊಡಗಿತು. ನಗುತ್ತ ನಗುತ್ತ ಕಣ್ಣೀರು ಬಂತು. ಸೆರಗಿಲ್ಲದ್ದಕ್ಕೆ ಶಿವಕ್ಕನ ಸೆರಗಿನಲ್ಲೇ ಒರೆಸಿಕೊಂಡರು.

"ಮದುವೆ ಆಗಲಿ," ಎಂದರು. ಆಮೇಲೆ ನಗು ನಿಲ್ಲಿಸಿ, ನೇರ ನಿಜಲಿಂಗಪ್ಪನವರತ್ತ ಬೆರಳು ಮಾಡಿದರು. "ಆದರೆ ನನಗೊಂದು ಗೊತ್ತಾಗಬೇಕು. ಇಷ್ಟು ವರ್ಷ ನಮ್ಮವರನ್ನೇ ಯಾಕೆ ಹಿಡಿದಿರಿ? ಒಂದು ಇಂಡಿಯನ್ ಪಾತ್ರ ನಿಮಗೆ ಸಿಗಲಿಲ್ಲವೆ?"

ಗಾಬರಿಗೆ ನಿಜಲಿಂಗಪ್ಪನವರ ಇಂಗ್ಲಿಷ್ ಹಾರಿಹೋಗಿತ್ತು. ಮಗಳ ಮುಖ ನೋಡಿ ಕನ್ನಡದಲ್ಲೇ ಅಂದರು:

"ಸಿಕ್ಕಿತ್ತು ಅಂತ ಹೇಳವ್ವಾ. ಆದ್ರ ಇಂಡಿಯನ್ ಅಂದ್ರ ಅಂಗಡಿ ಕೌಂಟರಿನ ಹಿಂದ ದಿನಪೂರ್ತಿ ನಿಲ್ಲಸ್ತಿದ್ರು, ಮೊಣಕಾಲು ಹಿಡಕೋತಿದ್ವು. ಇವರ ಪಾತ್ರದಾಗ ಮಲಗಾಕ ಬಿಡ್ತಿದ್ರು."